ಪೆನ್ ಡ್ರೈವ್ ನಿಧಾನವಾದಾಗ ಲೆಕ್ಕಪತ್ರಗಳ ರಕ್ಷಣೆ

ದಿನದ ವಹಿವಾಟು ಮುಗಿದ ಬಳಿಕ ಲೆಕ್ಕಪತ್ರಗಳ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ತೆಗೆದಿಡುವುದು ಅನೇಕ ವರ್ತಕರ ಹಾಗೂ ಸಣ್ಣ ಕೈಗಾರಿಕೆಗಳ ರೂಢಿ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದ ಈ ಕಾರ್ಯಕ್ಕೆ ಅರ್ಧ ಗಂಟೆ ಹಿಡಿಯತೊಡಗಿದರೆ ಗುಮಾಸ್ತರು ಬೇಸತ್ತು ಅದನ್ನು ನಾಳೆಗೆ ಮುಂದೂಡುತ್ತಾರೆ. ಅಪಾಯ ಆರಂಭವಾಗುವುದು ಅಲ್ಲಿಂದಲೇ. ಆದ್ದರಿಂದ ವಿಳಂಬದ ಕಾರಣವನ್ನು ಕ್ರಮವಾಗಿ ಪರಿಶೀಲಿಸುವುದು ಅಗತ್ಯ.

ಪೋರ್ಟ್: ಯು.ಎಸ್.ಬಿ. 2.0 ಪೋರ್ಟಿನ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0 ಪೋರ್ಟಿನದು 5 ಗಿಗಾಬಿಟ್. ಹೊಸ ಡ್ರೈವನ್ನು ಹಳೆಯ ಪೋರ್ಟಿಗೆ ಸೇರಿಸಿದರೆ ಹಳೆಯ ವೇಗವೇ ದೊರೆಯುತ್ತದೆ. ಅನೇಕ ಕಂಪ್ಯೂಟರುಗಳಲ್ಲಿ 3.0 ಪೋರ್ಟಿನ ಒಳಭಾಗ ನೀಲಿ ಬಣ್ಣದ್ದಾಗಿರುತ್ತದೆ.

ಕಡತಗಳ ಸಂಖ್ಯೆ: ಲೆಕ್ಕದ ತಂತ್ರಾಂಶಗಳು ಮಾಹಿತಿಯನ್ನು ನೂರಾರು ಸಣ್ಣ ಕಡತಗಳಲ್ಲಿ ಇಡುವುದುಂಟು. ಪ್ರತಿಯೊಂದರ ಹೆಸರು, ದಿನಾಂಕ, ಸ್ಥಾನಗಳನ್ನು ಡ್ರೈವ್ ಪ್ರತ್ಯೇಕವಾಗಿ ದಾಖಲಿಸಬೇಕು. ವೈರಸ್ ನಿರೋಧಕ ತಂತ್ರಾಂಶವೂ ಪ್ರತಿಯೊಂದನ್ನು ತಪಾಸಿಸುತ್ತದೆ. ನೂರು ಪೊಟ್ಟಣಗಳಿಗೆ ನೂರು ಲಾರಿ ರಸೀದಿ ಬರೆಯುವುದಕ್ಕೂ, ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಒಂದೇ ರಸೀದಿ ಬರೆಯುವುದಕ್ಕೂ ಇರುವ ವ್ಯತ್ಯಾಸವಿದು. ಆದುದರಿಂದ ಹಾರ್ಡ್ ಡಿಸ್ಕಿನಲ್ಲಿಯೇ ಕಡತಗಳನ್ನು ಒಂದು ಜಿಪ್ ಕಡತವಾಗಿ ಕಟ್ಟಿ, ಅನಂತರ ಅದನ್ನು ನಕಲು ಮಾಡುವುದು ಲೇಸು. ಎಫ್‌ಎಟಿ 32 ಮಾದರಿಯ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದು ಎಂಬುದನ್ನು ಗಮನಿಸಬೇಕು.

ಡ್ರೈವಿನ ಸ್ಥಿತಿ: ಬಹುತೇಕ ತುಂಬಿದ ಡ್ರೈವ್ ನಿಧಾನವಾಗುವುದುಂಟು. ಸಾಕಷ್ಟು ಸ್ಥಳವಿದ್ದು, ಅದೇ ಪೋರ್ಟಿನಲ್ಲಿ ಒಂದೇ ದೊಡ್ಡ ಕಡತವೂ ಹಿಂದಿಗಿಂತ ತಡವಾದರೆ, ಅಥವಾ ನಕಲು ನಡುವೆಯೇ ನಿಂತರೆ, ಡ್ರೈವ್ ಸವೆದಿರುವ ಸಂಭವವಿದೆ. ಆಗ ಫಾರ್ಮ್ಯಾಟ್ ಮಾಡಲು ಅವಸರಿಸದೆ ಮೊದಲು ಮಾಹಿತಿಯನ್ನು ಬೇರೆಡೆಗೆ ವರ್ಗಾಯಿಸಬೇಕು. ಫಾರ್ಮ್ಯಾಟ್ ಮಾಡಿದರೆ ಇರುವುದೂ ಕೈಬಿಟ್ಟೀತು.

ಪೆನ್ ಡ್ರೈವಿನಿಂದಲೇ ನೇರವಾಗಿ ಲೆಕ್ಕ ಬರೆಯುವ ಅಭ್ಯಾಸವನ್ನು ತ್ಯಜಿಸುವುದು ಒಳಿತು. ಪ್ರತಿ ನಮೂದಿಗೂ ಸಣ್ಣ ಬರವಣಿಗೆ ನಡೆಯುವುದರಿಂದ ಕೆಲಸ ನಿಧಾನವಾಗುವುದಲ್ಲದೆ, ನಡುವೆ ಡ್ರೈವ್ ಕಿತ್ತರೆ ಮೂಲ ಲೆಕ್ಕವೇ ಕೆಡಬಹುದು. ಪ್ರತಿಯನ್ನು ತೆಗೆದ ಮೇಲೂ ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿ ಬೇರ್ಪಡಿಸಿದ ಬಳಿಕವೇ ಡ್ರೈವನ್ನು ಹೊರತೆಗೆಯಬೇಕು.

ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಅಷ್ಟು ದೀರ್ಘ ಹೊಣೆಯನ್ನು ಒಂದೇ ಪೆನ್ ಡ್ರೈವಿನ ಮೇಲೆ ಹೊರಿಸುವುದು ವಿವೇಕವಲ್ಲ. ಎರಡು ಡ್ರೈವುಗಳನ್ನು ಸರದಿಯಂತೆ ಬಳಸಿ, ಒಂದನ್ನು ಅಂಗಡಿಯ ಹೊರಗಿಟ್ಟು, ತಿಂಗಳಿಗೊಮ್ಮೆ ಪ್ರತಿಯನ್ನು ತೆರೆದು ನೋಡುವುದು ಕ್ಷೇಮಕರ. ತೆರೆದು ಪರೀಕ್ಷಿಸದ ಪ್ರತಿ, ತಾಳೆ ನೋಡದ ರೋಕಡ್ ಪುಸ್ತಕದಂತೆಯೇ ಸರಿ.