ಕೈಯಿಂದ ತಿರುಗಿಸುವ ಮೇವಿನ ಯಂತ್ರಕ್ಕೆ ವಿದ್ಯುತ್ ಮೋಟಾರು

ತುಂಗಭದ್ರೆಯ ದಡದ ಹೊಳಲು ಮತ್ತು ಹೂವಿನಹಡಗಲಿ ತಾಲ್ಲೂಕಿನ ಇತರ ಗ್ರಾಮಗಳಲ್ಲಿ ಜೋಳದ ಸೊಪ್ಪೆಯೊಂದಿಗೆ ಮೆಕ್ಕೆಜೋಳದ ದಂಟೂ ದನಗಳ ಮೇವಾಗಿದೆ. ದಪ್ಪ ದಂಟನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ಉಳಿದುದನ್ನು ತುಳಿದುಬಿಡುತ್ತದೆ. ಕತ್ತರಿಸಿ ಹಾಕೋಣವೆಂದರೆ ಗಾಲಿ ತಿರುಗಿಸಲು ಒಬ್ಬ, ಮೇವು ಕೊಡಲು ಇನ್ನೊಬ್ಬ ಆಳು ಬೇಕು. ಎರಕದ ಗಾಲಿ ಬಿರುಕು ಬಿಟ್ಟಿರದೆ, ಹಲ್ಲುಚಕ್ರಗಳು ಸವೆದಿರದೆ ಇದ್ದರೆ ಹಳೆಯ ಯಂತ್ರಕ್ಕೇ ಮೋಟಾರು ಜೋಡಿಸಬಹುದು.

ಮನೆಬಳಕೆಗೆ 2 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಸಾಕು. ಪೂರ್ಣ ಹೊರೆಯಲ್ಲಿ ಒಂದು ಗಂಟೆ ಓಡಿದರೆ ಸುಮಾರು 2 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ.

ಮುಖ್ಯವಾದುದು ವೇಗ. ಈ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿಯ ಅಳತೆಯಿಂದ 1440ನ್ನು ಗುಣಿಸಿ, ಗಾಲಿಯ ಅಳತೆಯಿಂದ ಭಾಗಿಸಿದರೆ ಗಾಲಿಯ ಸುತ್ತು ದೊರೆಯುತ್ತದೆ. 3 ಅಂಗುಲದ ಪುಲ್ಲಿಯಿಂದ 48 ಅಂಗುಲದ ಗಾಲಿಯ ಅಂಚಿಗೆ ಬೆಲ್ಟು ಹಾಕಿದರೆ 90 ಸುತ್ತು. ಹಳೆಯ ಯಂತ್ರಕ್ಕೆ ಇಷ್ಟೇ ಧಾರಾಳ. ಮೂಲೆಯಲ್ಲಿ ಬಿದ್ದಿದೆಯೆಂದು 8 ಅಂಗುಲದ ಪುಲ್ಲಿ ಹಾಕಿದರೆ ಅದೇ ಗಾಲಿ 240 ಸುತ್ತು ತಿರುಗುತ್ತದೆ. ಕೈವೇಗಕ್ಕೆಂದು ಮಾಡಿದ ಬುಷ್ ಕಾಯುತ್ತದೆ, ಅಲಗಿನ ಬೋಲ್ಟು ಸಡಿಲಾಗುತ್ತದೆ. ಸಡಿಲಾದ ಅಲಗು ಎತ್ತ ಹಾರೀತೆಂದು ಹೇಳಲಾಗದು.

ಗಾಲಿಯ ಹಿಡಿಕೆಯನ್ನು ತಪ್ಪದೆ ಬಿಚ್ಚಿ ತೆಗೆಯಬೇಕು. ತಿರುಗುವ ಹಿಡಿಕೆ ಸೀರೆಯ ಸೆರಗನ್ನಾಗಲಿ, ಪಂಚೆಯನ್ನಾಗಲಿ ಬಿಡುವುದಿಲ್ಲ. ಬೆಲ್ಟಿಗೂ ಗಾಲಿಗೂ ತಗಡಿನ ಅಥವಾ ಜಾಲರಿಯ ಮರೆ ಇರಲಿ. ಮೋಟಾರಿಗೆ ಅರ್ತಿಂಗ್ ಬೇಕೇ ಬೇಕು. ಕೊಟ್ಟಿಗೆಯ ನೆಲ ಸದಾ ಹಸಿ.

ಕೈಯಿಂದ ತಿರುಗಿಸುವಾಗ ಉರುಳೆಗೆ ಬೆರಳು ತಗುಲಿದರೆ ತಿರುಗಿಸುವವನು ಕೂಗು ಕೇಳಿ ನಿಲ್ಲಿಸುತ್ತಾನೆ. ಮೋಟಾರಿಗೆ ಕಿವಿ ಇಲ್ಲ. ಆದುದರಿಂದ ಮೇವು ಕೊಡುವ ದೋಣಿಯನ್ನು 3 ಅಡಿಗೆ ಉದ್ದ ಮಾಡಿ, ಉರುಳೆಯ ಕಡೆಯ ಒಂದೂವರೆ ಅಡಿಯನ್ನು ಮೇಲಿನಿಂದ ತಗಡು ಹೊದಿಸಿ ಮುಚ್ಚಬೇಕು. ಚಾಚಿದ ಕೈ ಉರುಳೆಗೆ ಎಟುಕಬಾರದು. ಒಕ್ಕಣೆ ಯಂತ್ರಗಳಿಗಾಗಿ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದಿತು. ಆದರೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಜೋಡಿಸಿ ತಂದ ಮೇವಿನ ಯಂತ್ರವನ್ನು ಮನೆಯವರೇ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ಅಪಾಯ ಕರೆಂಟಿನದು. ಮೇವು ಸಿಕ್ಕಿಕೊಂಡ ಹೊತ್ತಿಗೇ ಕರೆಂಟು ಹೋಯಿತೆನ್ನಿ. ಯಂತ್ರ ನಿಂತಿದೆಯಲ್ಲ ಎಂದು ಕೈ ಹಾಕಿ ದಂಟು ಎಳೆಯುವಾಗ ಕರೆಂಟು ಮರಳಿದರೆ? ಸಾದಾ ಸ್ವಿಚ್ಚಾದರೆ ಯಂತ್ರ ತಾನಾಗಿಯೇ ಓಡುತ್ತದೆ. ಕರೆಂಟು ಹೋದೊಡನೆ ಬಿಟ್ಟುಕೊಂಡು, ಮತ್ತೆ ಹಸಿರು ಗುಂಡಿ ಒತ್ತಿದರೆ ಮಾತ್ರ ಹಿಡಿಯುವ ಸ್ಟಾರ್ಟರನ್ನೇ ಹಾಕಿಸಿರಿ. ಪಂಪ್‌ಸೆಟ್ಟಿಗೆ ಅನುಕೂಲವೆಂದು ಕೂರಿಸುವ ಆಟೋ ಸ್ಟಾರ್ಟರನ್ನು ಇಲ್ಲಿಗೆ ಎಂದೂ ತರಬಾರದು. ಸ್ಟಾರ್ಟರು ಮೇವು ಕೊಡುವವರ ಕೈಗೆ ಎಟುಕುವಂತಿರಲಿ, ಮಕ್ಕಳಿಗೆ ಎಟುಕದಂತಿರಲಿ.

ಮೊದಲ ಸಲ ಓಡಿಸುವ ಮುನ್ನ ಬೆಲ್ಟು ಕಳಚಿ ಮೋಟಾರು ತಿರುಗುವ ದಿಕ್ಕನ್ನು ನೋಡಿರಿ. ತಿರುವುಮುರುವಾದರೆ ಉರುಳೆ ಮೇವನ್ನು ಹೊರಗೆ ನೂಕುತ್ತದೆ. ಅಲಗು ಮಸೆಯುವಾಗಲೂ ಬೆಲ್ಟು ಕಳಚಿ, ಗಾಲಿಯ ಕಡ್ಡಿಗಳ ನಡುವೆ ಮರದ ಗೂಟ ತೂರಿಸಿಡಬೇಕು. ಮಸೆದು ಕೂರಿಸಿದ ಮೇಲೆ ಗಾಲಿಯನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಅಲಗು ಎಲ್ಲಿಯೂ ತಾಗದೆಂದು ಖಚಿತವಾದ ಮೇಲೆಯೇ ಗುಂಡಿ ಒತ್ತಬೇಕು.