ಮೈಸೂರು ಸೀಮೆಯ ಹೊಲ-ಗದ್ದೆ: ಯಾವ ನೆಲಕ್ಕೆ ಯಾವ ಬೆಳೆ

ಮೈಸೂರು ನಗರದಿಂದ ಯಾವ ದಿಕ್ಕಿಗೆ ಹೊರಟರೂ ಒಂದು-ಒಂದೂವರೆ ಗಂಟೆಯೊಳಗೆ ಬೆಳೆ ಬದಲಾಗುತ್ತದೆ. ಕೃಷ್ಣರಾಜನಗರದ ದಾರಿಯಲ್ಲಿ ಭತ್ತದ ಗದ್ದೆಗಳು, ಹುಣಸೂರು ದಾಟಿದರೆ ಹೊಗೆಸೊಪ್ಪು, ಎಚ್.ಡಿ. ಕೋಟೆಯ ಕಡೆ ಹತ್ತಿ. ದಕ್ಷಿಣಕ್ಕೆ ನಂಜನಗೂಡು ದಾಟಿ ಗುಂಡ್ಲುಪೇಟೆಯತ್ತ ಹೋದಂತೆ ಜೋಳ, ಸೂರ್ಯಕಾಂತಿ, ಹುರುಳಿ. ಈಶಾನ್ಯಕ್ಕೆ ಮಂಡ್ಯದ ಕಬ್ಬು. ರಾಗಿ ಮಾತ್ರ ಯಾವ ದಿಕ್ಕಿನಲ್ಲೂ ಕಾಣಸಿಗುತ್ತದೆ. ಕೆಲವು ಕಡೆ ಅದೇ ಮುಖ್ಯ ಬೆಳೆ. ಉಳಿದ ಕಡೆ ಇನ್ನೊಂದು ಬೆಳೆಯ ಹಿಂದೆ ಬರುವ ಬೆಳೆ, ಇಲ್ಲವೇ ನೀರು ಕೈಕೊಟ್ಟ ವರ್ಷದ ಬೆಳೆ. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ಬಗೆ ಸೇರಿಕೊಂಡಿರುವುದಕ್ಕೆ ಮೊದಲ ಕಾರಣ ಮಳೆ ಬೀಳುವ ರೀತಿ.

ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. ಪಶ್ಚಿಮಕ್ಕೆ ನೂರಿಪ್ಪತ್ತು ಕಿ.ಮೀ. ದೂರದ ಮಡಿಕೇರಿಯಲ್ಲಿ ಅದು 3,000 ಮಿ.ಮೀ. ಮೀರುತ್ತದೆ. ಘಟ್ಟ ಹತ್ತಿ ಬರುವ ನೈಋತ್ಯ ಮಾರುತ ಕೊಡಗಿನಲ್ಲೇ ಬಹುಪಾಲು ಸುರಿದು ಖಾಲಿಯಾಗುತ್ತದೆ. ಮೈಸೂರಿಗೆ ಸಿಗುವುದು ಗಾಳಿ ಮತ್ತು ಸೋನೆ. ಹೀಗಾಗಿ ನಾಡಿನ ಬಹುಭಾಗ ಮಳೆಯಲ್ಲಿ ತೋಯುವ ಜುಲೈ ತಿಂಗಳೇ ಇಲ್ಲಿ ಮಂಕು. ಮಳೆ ಎರಡು ಸಲ ಏರುತ್ತದೆ: ಭರಣಿ, ಕೃತ್ತಿಕಾ ಮಳೆಗಳು ಗುಡುಗಿನೊಂದಿಗೆ ಬರುವ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಉತ್ತರೆ-ಹಸ್ತ-ಚಿತ್ತೆ ಮಳೆಗಳ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಇಂಥ ನೆಲಕ್ಕೆ ಒಪ್ಪುವ ಮಾತು. ಬೇಸಾಯದ ಲೆಕ್ಕವೆಲ್ಲ ಈ ಎರಡು ಏರುಗಳ ಸುತ್ತ ತಿರುಗುತ್ತದೆ. ಮೊದಲ ಮಳೆಗೆ ಎಳ್ಳು, ಅಲಸಂದೆ, ಹೆಸರು, ಉದ್ದಿನಂಥ ಅಲ್ಪಾವಧಿ ಬೆಳೆ. ಎರಡನೆಯದನ್ನು ನೆಚ್ಚಿಕೊಂಡು ಜುಲೈ-ಆಗಸ್ಟ್‌ನಲ್ಲಿ ರಾಗಿ ಬಿತ್ತನೆ. ಹಳೆಯ ಮೈಸೂರಿನವರು ಬೇಗ ಬಿತ್ತುವ ಬೆಳೆಯನ್ನು ಕಾರು ಎಂದೂ ತಡವಾಗಿ ಬಿತ್ತಿ ಚಳಿಗಾಲದ ಹೊತ್ತಿಗೆ ಕೊಯ್ಯುವುದನ್ನು ಹೈನು ಎಂದೂ ಕರೆದು ಬೇರ್ಪಡಿಸಿದ್ದರ ಹಿಂದೆ ಇರುವುದೂ ಇದೇ ಮಳೆಯ ಲೆಕ್ಕ.

ಪಶ್ಚಿಮದ ತಾಲ್ಲೂಕುಗಳಲ್ಲಿ ಎರಡು ಮಳೆಗಳ ನಡುವಿನ ಈ ಬಿಡುವು ಅಷ್ಟು ತೀವ್ರವಲ್ಲ. ರಾಜ್ಯವನ್ನು ಹತ್ತು ಕೃಷಿ-ಹವಾಮಾನ ವಲಯಗಳಾಗಿ ವಿಂಗಡಿಸಿದಾಗ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ದಕ್ಷಿಣದ ಸಂಕ್ರಮಣ ವಲಯಕ್ಕೆ ಸೇರಿದವು. ಮೈಸೂರು, ನಂಜನಗೂಡು, ತಿ. ನರಸೀಪುರ, ಕೃಷ್ಣರಾಜನಗರ ದಕ್ಷಿಣದ ಒಣ ವಲಯಕ್ಕೆ. ಭತ್ತಕ್ಕೆ ಹೆಸರಾದ ಕೃಷ್ಣರಾಜನಗರ ಒಣ ವಲಯದಲ್ಲಿರುವುದು ವಿಚಿತ್ರವೆನಿಸಬಹುದು. ಅಲ್ಲಿನ ಭತ್ತ ಮಳೆಯನ್ನು ನೆಚ್ಚಿದ್ದಲ್ಲ, ಕಾವೇರಿಯನ್ನು ನೆಚ್ಚಿದ್ದು.

ಮಳೆಯ ನಂತರ ಮಣ್ಣು. ಸೀಮೆಯ ಹೆಚ್ಚಿನ ಪಾಲು ಕೆಬ್ಬೆ ಹೊಲ, ಅಂದರೆ ಮರಳು ಬೆರೆತ ಕೆಂಪು ಮಣ್ಣು. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಒಂದೇ ಊರಿನ ಎಲ್ಲೆಯೊಳಗೂ ಇಳಿಜಾರಿನ ಉದ್ದಕ್ಕೆ ಮಣ್ಣು ಬದಲಾಗುವುದನ್ನು ಕಾಣಬಹುದು. ದಿಬ್ಬದ ನೆತ್ತಿಯಲ್ಲಿ ಜಲ್ಲಿ ಬೆರೆತ ತೆಳು ಮಣ್ಣು, ಅಲ್ಲಿ ಹುರುಳಿ. ನಡು ಇಳಿಜಾರಿನ ಆಳವಾದ ಕೆಂಪು ಮಣ್ಣಿನಲ್ಲಿ ರಾಗಿ. ತಗ್ಗಿನಲ್ಲಿ ಜೇಡಿ, ಕೆರೆಯ ಕೆಳಗಿನ ಗದ್ದೆ. ಕಂದಾಯದ ದಾಖಲೆಯ ಖುಷ್ಕಿ (ಮಳೆಯಾಶ್ರಿತ ಹೊಲ), ತರಿ (ಗದ್ದೆ), ಬಾಗಾಯ್ತು (ತೋಟ) ಎಂಬ ಮೂರು ಹೆಸರು ಈ ಇಳಿಜಾರನ್ನೇ ಹಿಂಬಾಲಿಸುತ್ತವೆ. ಇದಕ್ಕೆ ಹೊರತಾದುದು ನಂಜನಗೂಡಿನ ಪೂರ್ವ, ತಿ. ನರಸೀಪುರ, ಚಾಮರಾಜನಗರಗಳ ಎರೆ ಮಣ್ಣಿನ ಪಟ್ಟಿ. ಎರೆ ಒಮ್ಮೆ ನೆನೆದರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಅಲ್ಲಿ ಜೋಳ, ಕಡಲೆ ಬೆಳೆದುಕೊಳ್ಳುತ್ತವೆ. ವಿಜಯಪುರ, ಕಲಬುರಗಿ ಕಡೆಯ ಬೇಸಾಯದ ಒಂದು ತುಣುಕು ಮೈಸೂರಿನ ಮಗ್ಗುಲಿಗೆ ಬಂದು ಬಿದ್ದಂತೆ ಕಾಣುವ ನೆಲ ಅದು.

ಕೆಂಪು ಮಣ್ಣಿಗೂ ಹಿಂಗಾರಿಗೂ ಒಟ್ಟಿಗೆ ಒಗ್ಗುವ ಧಾನ್ಯ ರಾಗಿ. ಅದರ ಮೂಲ ಪೂರ್ವ ಆಫ್ರಿಕದ ಎತ್ತರದ ನಾಡುಗಳು; ಇಂದು ಭಾರತದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವುದು ಕರ್ನಾಟಕ. ನಾಲ್ಕು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ನಡುವೆ ಎರಡು-ಮೂರು ವಾರ ಮಳೆ ತಪ್ಪಿದರೂ ತಡೆದುಕೊಂಡು ಮುಂದಿನ ಹದಕ್ಕೆ ಮತ್ತೆ ತೆಂಡೆ ಒಡೆಯುತ್ತದೆ. ಕಾಳು ಎಷ್ಟು ಸಣ್ಣದೆಂದರೆ ಹುಳು ಹೊಕ್ಕುವುದೇ ಕಷ್ಟ. ಒಣಗಿಸಿ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ತುಂಬಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲಕ್ಕೆ ಕೂಡಿಟ್ಟ ಗಂಟು ಅದು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಬಿದ್ದ ಜಗಳ ತೀರ್ಮಾನವಾಗುವುದು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಯಾವುದು ಗಟ್ಟಿಯಾಗಿ ಉಳಿಯಿತೆಂದು ನೋಡಿದ ಮೇಲೆ. ಕಣಜದ ಅನುಭವ ಇದ್ದವರ ತೀರ್ಪು ಅದು.

ರಾಗಿಯ ಹೊಲವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ರಾಗಿಯೊಂದೇ ಇರುವುದಿಲ್ಲ. ಕೂರಿಗೆಯಲ್ಲಿ ಕೆಲವು ಸಾಲು ರಾಗಿ ಬಿತ್ತಿದ ಮೇಲೆ ಸಡ್ಡೆ ಎಂಬ ಬಿತ್ತನೆ ಕೊಳವೆ ಕಟ್ಟಿ ಒಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಇವುಗಳಲ್ಲಿ ಯಾವುದಾದರೊಂದನ್ನು ಬಿಡುವುದು ವಾಡಿಕೆ. ಇದಕ್ಕೆ ಅಕ್ಕಡಿ ಎಂದು ಹೆಸರು. ಟಿಪ್ಪು ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ರಾಗಿಯ ಬೇಸಾಯದ ವಿವರಗಳನ್ನು ಪುಟಗಟ್ಟಲೆ ಬರೆದಿಟ್ಟಿದ್ದಾನೆ. ಅಕ್ಕಡಿಯ ಜಾಣತನ ಇರುವುದು ಸಮಯದ ಹಂಚಿಕೆಯಲ್ಲಿ. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ರಾಗಿ ಬೆಳೆಯುವಷ್ಟು ಕಾಲ ಅದು ಸಾಲಿನಲ್ಲಿ ತಗ್ಗಿಯೇ ಇದ್ದು, ತೆನೆ ಕೊಯ್ದು ಹೊಲಕ್ಕೆ ಬೆಳಕು ಬಿದ್ದ ಮೇಲೆ ಹಬ್ಬಿ, ಡಿಸೆಂಬರ್‌ನ ಇಬ್ಬನಿಗೆ ಕಾಯಿ ತುಂಬುತ್ತದೆ. ನಗರದ ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಮೂಟೆಗಟ್ಟಲೆ ಬರುವುದು ಆಗಲೇ. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಹುಚ್ಚೆಳ್ಳಿನ ಹೂವು ಜೇನ್ನೊಣಗಳನ್ನು ಕರೆಯುತ್ತದೆ, ಮಳೆ ಕೆಟ್ಟು ಒಂದು ಬೆಳೆ ಹೋದರೂ ಇನ್ನೊಂದು ಕೈಹಿಡಿಯುತ್ತದೆ. ಹಗಲಿನ ಉದ್ದಕ್ಕೆ ಜಗ್ಗದೆ ಯಾವ ಕಾಲದಲ್ಲೂ ಹೂ ಬಿಡುವ ಹೆಬ್ಬಾಳ ಅವರೆ ತಳಿಗಳು ಬಂದ ಮೇಲೆ ಕಾಯಿ ವರ್ಷವಿಡೀ ಸಿಗುತ್ತದೆ. ಸೊಗಡಿನ ವಿಚಾರ ತಿನ್ನುವವರಿಗೇ ಬಿಟ್ಟದ್ದು. ಕೊಯ್ಲಿಗೆ ಯಂತ್ರ ಇಳಿಯುವ ಹೊಲಗಳಲ್ಲಂತೂ ಅಕ್ಕಡಿ ತೊಡಕಾಗಿ ಕಂಡು ಹಿಂದೆ ಸರಿದಿದೆ.

ರಾಗಿಯ ಇಳುವರಿಯನ್ನು ಬದಲಿಸಿದ್ದು ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಅನ್ನಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳನ್ನು ರೂಪಿಸಿ, ಬಳಿಕ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಅಡ್ಡಹಾಯಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ-ಆಫ್ರಿಕ ಎಂಬುದರ ಚುಟುಕು ರೂಪವೇ ಆ ಹೆಸರು. ಬೆಂಕಿರೋಗವನ್ನು ತಡೆದುಕೊಳ್ಳುವ ಜಿಪಿಯು-28 ಬೆಂಗಳೂರಿನಿಂದ ಬಂತು. ಎಂಆರ್ ಸರಣಿ ಮತ್ತೆ ಮಂಡ್ಯದ್ದೇ.

ರಾಗಿ ಉಳಿದುಕೊಂಡಿರುವುದು ಕಾಳಿನ ಬೆಲೆಯಿಂದಷ್ಟೇ ಅಲ್ಲ. ಮೆದೆ ಒಟ್ಟಿದ ರಾಗಿ ಹುಲ್ಲಿಲ್ಲದೆ ಹಸು ಸಾಕುವುದು ಈ ಭಾಗದಲ್ಲಿ ಕಷ್ಟ, ಮನೆಯ ವಾರದ ಖರ್ಚು ನಡೆಯುವುದು ಡೇರಿಗೆ ಹಾಕಿದ ಹಾಲಿನಿಂದ. 2024-25ರ ಸಾಲಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್ ರಾಗಿಗೆ 4,290 ರೂಪಾಯಿ, ಸಾಧಾರಣ ಭತ್ತಕ್ಕೆ 2,300 ರೂಪಾಯಿ. ಇಷ್ಟಾದರೂ ಕಾಲುವೆ ನೀರು ಸಿಕ್ಕ ರೈತ ಭತ್ತವನ್ನೇ ನೆಡುತ್ತಾನೆ. ಎಕರೆಗೆ ಬರುವ ತೂಕ ಹೆಚ್ಚು, ಕೆಳಗಿನ ಗದ್ದೆಯಲ್ಲಿ ನೀರು ನಿಂತರೆ ಬೇರೆ ಬೆಳೆ ನಿಲ್ಲುವುದೂ ಇಲ್ಲ.

ಆ ಕಾಲುವೆಗಳು ಎಲ್ಲವೂ ಹೊಸವಲ್ಲ. ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆಯನ್ನು ವಿಜಯನಗರದ ಕಾಲದ ಮಂತ್ರಿಯೊಬ್ಬರ ಹೆಸರಿನಿಂದ ಕರೆಯುತ್ತಾರೆ. ಶ್ರೀರಂಗಪಟ್ಟಣದ ಸುತ್ತಿನ ಚಿಕ್ಕದೇವರಾಯ ಸಾಗರ ನಾಲೆ 17ನೇ ಶತಮಾನದ ಅರಸನ ಹೆಸರು ಹೊತ್ತಿದೆ. ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ, ನೀರು ಸಂಗ್ರಹಿಸದೆ ಪಕ್ಕಕ್ಕೆ ತಿರುಗಿಸುವ ಈ ಹಳೆಯ ಏರ್ಪಾಡಿನಲ್ಲಿ ನದಿಯ ಅಂಚಿನ ಊರುಗಳಿಗೆ ಮಾತ್ರ ಭತ್ತದ ಭಾಗ್ಯ. ಕೃಷ್ಣರಾಜನಗರ, ಚುಂಚನಕಟ್ಟೆ, ಸಾಲಿಗ್ರಾಮ ಸುತ್ತಿನ ಗದ್ದೆಗಳು ಇಂಥವು. ಅರಮನೆಗೆ ಸಲ್ಲುತ್ತಿತ್ತೆಂಬ ಪ್ರತೀತಿಯ, ನಸುಗೆಂಪಿನ ರಾಜಮುಡಿ ಅಕ್ಕಿ ಈ ಕಾವೇರಿ-ಹೇಮಾವತಿ ಬಯಲಿನದು. ಕೇರಳದವರು ಬಯಸುವ ಕೆಂಪು ಜ್ಯೋತಿ ಭತ್ತವನ್ನೂ ಇಲ್ಲಿ ಬೆಳೆಯುತ್ತಾರೆ, ಊಟಕ್ಕಲ್ಲ, ಮಾರಾಟಕ್ಕೆ.

1911ರಲ್ಲಿ ಕೆಲಸ ಮೊದಲಾಗಿ ಎರಡು ದಶಕ ಹಿಡಿದ ಕೃಷ್ಣರಾಜಸಾಗರ ಈ ನಕ್ಷೆಯನ್ನೇ ಬದಲಿಸಿತು. ಅದರ ಮುಖ್ಯ ಕಾಲುವೆ, ಆಗಿನ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ನೀರು ಕೊಂಡೊಯ್ದದ್ದು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ. ರಾಗಿ-ಹುರುಳಿಯ ಹೊಲಗಳು ಒಂದು ತಲೆಮಾರಿನಲ್ಲಿ ಗದ್ದೆಯಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಿ ಕಬ್ಬು ಬೇರೂರಿತು. ಒಂದು ಬ್ಲಾಕಿನ ಜಮೀನಿನಲ್ಲಿ ಒಂದು ಪಾಲು ಭತ್ತ, ಒಂದು ಪಾಲು ಕಬ್ಬು, ಇನ್ನೊಂದು ಪಾಲು ಅರೆ ಖುಷ್ಕಿ ಬೆಳೆ ಎಂದು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುವಂತೆ ಮೊದಲು ಯೋಜಿಸಲಾಗಿತ್ತು. ನೀರು ಕಣ್ಣೆದುರು ಹರಿಯುವಾಗ ಅರೆ ಖುಷ್ಕಿಯ ಪಾಲನ್ನು ಕಾಪಾಡುವವರು ಯಾರು? ಮೂರನೆಯ ಪಾಲು ಕರಗಿತು. ಅಣೆಕಟ್ಟೆಯಿಂದ ಇಪ್ಪತ್ತು ಕಿ.ಮೀ. ಆಚೆಗಿರುವ ಮೈಸೂರಿನ ಆಸುಪಾಸಿನ ಎತ್ತರದ ಹೊಲಗಳು ಮಾತ್ರ ಬಹುಕಾಲ ಒಣಗಿಯೇ ಉಳಿದವು. ವರುಣಾ ನಾಲೆ ಆ ಭಾಗಕ್ಕೆ ನೀರು ತಂದದ್ದು ಎಷ್ಟೋ ದಶಕದ ಮೇಲೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಯ ನೆಲವನ್ನು ನೆನೆಸಿತು. ಜೋಳ, ಹತ್ತಿಯ ಎರೆ ಹೊಲಗಳಲ್ಲಿ ಕೂಡ ಭತ್ತದ ನಾಟಿ ಕಂಡುಬಂದದ್ದು ಆ ಬಳಿಕ.

ಪಶ್ಚಿಮದಲ್ಲಿ ಗೆರೆ ಎಳೆದದ್ದು ಕಾಲುವೆಯಲ್ಲ, ಹರಾಜು ಕಟ್ಟೆ. ಹುಣಸೂರು, ಪಿರಿಯಾಪಟ್ಟಣದ ಹಗುರ ಕೆಂಪು ಮಣ್ಣಿನಲ್ಲಿ ಸಾರಜನಕ ಕಡಿಮೆ. ಉಳಿದ ಬೆಳೆಗೆ ಕೊರತೆಯಾದ ಇದೇ ಗುಣ ಸಿಗರೇಟಿಗೆ ಬೇಕಾದ ತೆಳು ಹಳದಿ ಎಲೆಯ ವರ್ಜೀನಿಯಾ ಹೊಗೆಸೊಪ್ಪಿಗೆ ವರ. ಮೇ ತಿಂಗಳ ಮೊದಲ ಮಳೆಗೆ ಸಸಿ ನೆಟ್ಟು, ಕೆಳಗಿನ ಎಲೆಯಿಂದ ಮೇಲಕ್ಕೆ ಹಂತಹಂತವಾಗಿ ಮುರಿದು, ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಹದಗೊಳಿಸುವ ಕೊಠಡಿಯಲ್ಲಿ ನೇತುಹಾಕಿ ಬಿಸಿ ಗಾಳಿಯಲ್ಲಿ ಬೇಯಿಸುತ್ತಾರೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿ ಎಷ್ಟು ಬೆಳೆಯಬೇಕೆಂಬುದನ್ನು ನಿಗದಿ ಮಾಡಿ, ನೋಂದಾಯಿತ ಬೆಳೆಗಾರರ ಸೊಪ್ಪನ್ನು ಹರಾಜು ಹಾಕುತ್ತದೆ. ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ಬಹುಪಾಲು ಮೈಸೂರು ಜಿಲ್ಲೆಯದೇ. ಬ್ಯಾರನ್‌ಗೆ ಉರಿಸುವ ಸೌದೆಗೆ ತೋಪುಗಳು ತೆತ್ತ ಬೆಲೆ ದೊಡ್ಡದು. ಅದೇ ಹೊಲದಲ್ಲಿ ಸೊಪ್ಪು ಮುರಿದು ಮುಗಿಯುತ್ತಿದ್ದಂತೆ, ಅದಕ್ಕೆ ಹಾಕಿದ ಗೊಬ್ಬರದ ಉಳಿಕೆಯನ್ನು ನೆಚ್ಚಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಎರಡನೆಯ ಮಳೆಗೆ ರಾಗಿ, ಹುರುಳಿ, ಅವರೆ ಬೀಳುತ್ತವೆ. ಮೊದಲ ಮಳೆ ರೊಕ್ಕಕ್ಕೆ, ಎರಡನೆಯದು ಹೊಟ್ಟೆಗೆ ಮತ್ತು ಕೊಟ್ಟಿಗೆಗೆ ಎಂಬ ಲೆಕ್ಕ. ಹೊಗೆಸೊಪ್ಪಿಗೆ ಬದಲಿ ಬೆಳೆ ಹುಡುಕುವವರೆಲ್ಲ ಎಡವುವುದು ಇಲ್ಲೇ: ಮೇ ತಿಂಗಳಲ್ಲಿ ನೆಟ್ಟು, ರಾಗಿ ಬಿತ್ತನೆಗೆ ಹೊಲ ತೆರವಾಗುವಂತೆ ಮುಗಿದು, ಖಚಿತ ಮಾರುಕಟ್ಟೆಯೂ ಇರುವ ಇನ್ನೊಂದು ಬೆಳೆ ಸುಲಭವಾಗಿ ಸಿಗುವುದಿಲ್ಲ.

ಎಚ್.ಡಿ. ಕೋಟೆ, ಸರಗೂರು, ನಂಜನಗೂಡಿನ ಮಳೆಯಾಶ್ರಿತ ಹೊಲಗಳಲ್ಲಿ ಆ ಮೊದಲ ಮಳೆಯ ಜಾಗ ಹತ್ತಿಯದು. ಮುಸುಕಿನ ಜೋಳ ಎಲ್ಲ ಕಡೆಗೂ ನುಗ್ಗಿದೆ. ಕೋಳಿ ಮತ್ತು ದನದ ಮೇವಿನ ಕಂಪನಿಗಳು ಕೊಳ್ಳುತ್ತವೆ, ಕಳೆ-ಕೊಯ್ಲಿನ ಆಳು ಕಡಿಮೆ ಸಾಕು. 2018ರಲ್ಲಿ ದೇಶಕ್ಕೆ ಕಾಲಿಟ್ಟು ಮೊದಲು ಕರ್ನಾಟಕದಲ್ಲೇ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮುಸುಕಿನ ಜೋಳದ ಓಟಕ್ಕೆ ಕೊಂಚ ಕಡಿವಾಣ ಹಾಕಿತು. ಗೋಧಿಗೆ ಬೇಕಾದಷ್ಟು ಚಳಿ ಈ ಭಾಗಕ್ಕೆ ಬರುವುದಿಲ್ಲ, ಹೀಗಾಗಿ ಅದು ಇಲ್ಲಿ ಅಂಗಡಿಯ ಧಾನ್ಯವಾಗಿಯೇ ಉಳಿದಿದೆ. ದಕ್ಷಿಣದ ಗುಂಡ್ಲುಪೇಟೆ ನೀಲಗಿರಿಯ ಮಳೆ ನೆರಳಿನಲ್ಲಿದೆ. ಜೋಳ, ಹುರುಳಿ, ಸೂರ್ಯಕಾಂತಿಯ ಜೊತೆಗೆ ಚೆಂಡುಹೂವನ್ನೂ ಅಲ್ಲಿ ಎಕರೆಗಟ್ಟಲೆ ಬಿತ್ತುತ್ತಾರೆ; ಸ್ವಲ್ಪ ಓಣಂ ಹಬ್ಬಕ್ಕೆ ಗಡಿಯಾಚೆ ಹೋದರೆ ಹೆಚ್ಚಿನದು ಬಣ್ಣ ತೆಗೆಯುವ ಕಾರ್ಖಾನೆಗೆ.

ಈ ನಕ್ಷೆಯಲ್ಲಿ ಮಣ್ಣಿನ ಗೆರೆ ಕದಲುವುದಿಲ್ಲ, ನೀರಿನ ಗೆರೆ ಕದಲುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75ಕ್ಕೆ ಏರಿಸಿತು, ಆದರೆ ಕೊಡಗಿನಲ್ಲಿ ಮಳೆ ಕೈಕೊಟ್ಟ ವರ್ಷ ಕಾಗದದ ಮೇಲಿನ ಪಾಲು ಕಾಲುವೆಗೆ ಇಳಿಯುವುದಿಲ್ಲ. ಅಂಥ ವರ್ಷಗಳಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುತ್ತಾರೆ. ಭತ್ತ ಬೇಡ, ಅರೆ ಖುಷ್ಕಿ ಬೆಳೆ ಮಾತ್ರ ಎಂಬ ಪ್ರಕಟಣೆ ನೀರಾವರಿ ಇಲಾಖೆಯಿಂದ ಹೊರಡುತ್ತದೆ. ನಾಲೆಯ ಮೊದಲ ಭಾಗದವರು ಹೇಗೋ ಭತ್ತ ಮಾಡಿಕೊಂಡರೂ ಕೊನೆ ಭಾಗದ ತೂಬಿಗೆ ನೀರು ಮುಟ್ಟುವುದು ಅನುಮಾನ. ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ 2023 ಅಂಥದ್ದೊಂದು ವರ್ಷ. ನೀರು ಮುಟ್ಟದ ಗದ್ದೆಯ ಬದುವಿನೊಳಗೆ ಆಗ ರೈತರು ಒಟ್ಲು ಹಾಕಿದ ರಾಗಿ ಪೈರನ್ನು ನೆಡುತ್ತಾರೆ, ಇಲ್ಲವೇ ಹುರುಳಿ ಎರಚಿ ಬಿಡುತ್ತಾರೆ.