ಪರಿಸರ ಶಾಸ್ತ್ರವೂ ಅದರ ಶಾಖೆಗಳೂ

ಪರಿಸರವೆಂಬ ಶಬ್ದವು ಈಗ ಸಣ್ಣ ಮಕ್ಕಳ ಬಾಯಲ್ಲಿಯೂ ಓಡಾಡುತ್ತಿರುವುದು. 'ಸೃ' ಎಂಬ ಧಾತುವಿಗೆ ಚಲಿಸುವುದು, ಹರಿಯುವುದು ಎಂದರ್ಥ. ಅದಕ್ಕೆ 'ಪರಿ' ಎಂಬ ಉಪಸರ್ಗವು ಸೇರಲಾಗಿ ಸುತ್ತಲೂ ಹರಡಿರುವುದೆಂಬ ಭಾವವು ಹೊರಡುತ್ತದೆ. ಅಮರಕೋಶದಲ್ಲಿಯಾದರೋ ಇದಕ್ಕೆ ಅಂಚಿನ ನೆಲವೆಂಬಷ್ಟೇ ಅರ್ಥವುಂಟು. ಇಂದಿನವರು ಅದನ್ನು ಹಿಗ್ಗಿಸಿ ಗಾಳಿ, ನೀರು, ಮಣ್ಣು, ಗಿಡಮರ, ಪಶುಪಕ್ಷಿ, ಮನುಷ್ಯ ಇಷ್ಟನ್ನೂ ಅದರೊಳಗೆ ತುಂಬಿರುವರು. ಇದರ ಶಾಖೆಗಳಾವುವೆಂದು ಕೇಳಿದರೆ ಪಠ್ಯಪುಸ್ತಕಗಳು ಭೂವಿಜ್ಞಾನ, ರಸಾಯನ, ಜೀವಿಪರಿಸ್ಥಿತಿಶಾಸ್ತ್ರ, ವಾಯುಮಂಡಲಶಾಸ್ತ್ರ, ಸಮಾಜಶಾಸ್ತ್ರ ಎಂದು ಐದು ಹೆಸರು ಹೇಳಿ ಮುಂದಕ್ಕೆ ಹೋಗುತ್ತವೆ. ಹೆಸರುಗಳು ಬಾಯಿಪಾಠವಾದ ಮಾತ್ರಕ್ಕೆ ವಿಷಯವು ತಿಳಿದಂತಾಗದೆಂಬುದು ಪಾಠ ಹೇಳಿದವರಿಗೆಲ್ಲ ಗೊತ್ತಿರುವ ಸಂಗತಿಯಷ್ಟೆ. ಆದಕಾರಣ ನಾವು ಕೆರೆಯೊಂದನ್ನು ಮುಂದಿಟ್ಟುಕೊಂಡು ಈ ಶಾಖೆಗಳ ಕೆಲಸವನ್ನು ನೋಡೋಣ.

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿ ಬೆಳ್ಳಂದೂರು ಕೆರೆಯಿರುವುದು. ವಿಸ್ತಾರದಲ್ಲಿ ಸುಮಾರು 900 ಎಕರೆ. ಆ ನಗರದ ಕೆರೆಗಳಲ್ಲೆಲ್ಲ ದೊಡ್ಡದು. 2015 ರ ಮೇ ತಿಂಗಳಲ್ಲಿ ಈ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017 ರ ಫೆಬ್ರವರಿಯಲ್ಲಿಯೂ 2018 ರ ಜನವರಿಯಲ್ಲಿಯೂ ಕೆರೆಯಂಗಳವೇ ಉರಿದು, ಹೊಗೆಯು ಸುತ್ತಲ ಬಡಾವಣೆಗಳನ್ನು ಮುಸುಕಿತು. ಸಮುದ್ರದ ನೀರಿನಲ್ಲಿ ಬಡಬಾಗ್ನಿಯಿರುವುದೆಂದು ಪುರಾಣಗಳಲ್ಲಿ ಕೇಳಿದ್ದೆವು. ಊರ ಕೆರೆಯಲ್ಲಿ ಅದನ್ನು ಹುಟ್ಟಿಸುವುದು ಮಾತ್ರ ನಮ್ಮ ಕಾಲದವರಿಗೇ ಸಾಧ್ಯವಾಯಿತು.

ನೀರು ಉರಿದುದೇಕೆ? ಮೊದಲು ಭೂವಿಜ್ಞಾನವನ್ನು ಕೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ದಿಣ್ಣೆಯ ನೆತ್ತಿಯಲ್ಲಿ ಕುಳಿತಿರುವ ಊರು, ಪಕ್ಕದಲ್ಲಿ ಹೊಳೆಯಿಲ್ಲ. ಇದನ್ನರಿತ ಹಿಂದಿನವರು ಇಳಿಜಾರನ್ನನುಸರಿಸಿ ಸಾಲುಕೆರೆಗಳನ್ನು ಕಟ್ಟಿಸಿದರು. ಮೇಲಿನ ಕೆರೆಯು ತುಂಬಿ ಕೋಡಿ ಹರಿದರೆ ನೀರು ಕೆಳಗಿನದಕ್ಕೆ ಇಳಿಯುವುದು. ಹೀಗೆ ಇಳಿದು ಬಂದುದು ಬೆಳ್ಳಂದೂರನ್ನು ಸೇರಿ, ಅಲ್ಲಿಂದ ವರ್ತೂರಿಗೆ ಹೋಗಿ, ದಕ್ಷಿಣ ಪಿನಾಕಿನಿಯನ್ನು ಕೂಡಿಕೊಂಡು ಕಡಲೂರಿನ ಬಳಿ ಸಮುದ್ರವನ್ನು ಮುಟ್ಟುತ್ತದೆ. ಇದು ಮಳೆಯ ನೀರಿಗಾಗಿ ಏರ್ಪಟ್ಟ ಹಾದಿ. 1974 ರಲ್ಲಿ ಕಾವೇರಿಯ ನೀರು ನಗರಕ್ಕೆ ಬಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಯಂತ್ರಗಳಿಂದ ಎತ್ತಿ ತರತಕ್ಕ ನೀರಿದು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬಚ್ಚಲು, ಪಾಯಖಾನೆಗಳ ಮೂಲಕ ಹೊರಕ್ಕೆ ಹೋಗುವುದೆಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಹೀಗೆ ಕಾವೇರಿಯ ಒಂದು ಪಾಲು ಪಿನಾಕಿನಿಯ ಕಣಿವೆಗೆ, ಅದೂ ಮಲಿನವಾಗಿ, ವರ್ಗವಾಯಿತು. ಮಳೆಗಾಲದಲ್ಲಿ ಮಾತ್ರ ಹರಿಯಬೇಕಾಗಿದ್ದ ರಾಜಕಾಲುವೆಯು ಹನ್ನೆರಡು ತಿಂಗಳೂ ಹರಿಯತೊಡಗಿತು. ಒಳಚರಂಡಿಯ ನೀರನ್ನೆಲ್ಲ ಶುದ್ಧಿ ಮಾಡಿ ಬಿಡುವಷ್ಟು ಏರ್ಪಾಡು ಊರು ಬೆಳೆದ ವೇಗಕ್ಕೆ ಸರಿಯಾಗಿ ಬೆಳೆಯಲಿಲ್ಲ.

ಇನ್ನು ರಸಾಯನ. ನೀರು ಎಷ್ಟು ಕೆಟ್ಟಿದೆಯೆಂದು ಅಳೆಯುವುದಕ್ಕೆ ಈ ಶಾಸ್ತ್ರದವರು ಒಂದು ಉಪಾಯ ಮಾಡಿರುವರು. ನೀರನ್ನು ಸೀಸೆಯಲ್ಲಿ ತುಂಬಿ ಬಿರಡೆ ಹಾಕಿ, 27 ಡಿಗ್ರಿ ಶಾಖದಲ್ಲಿ ಮೂರು ದಿನ ಕತ್ತಲೆಯಲ್ಲಿಟ್ಟು, ಅದರಲ್ಲಿ ಕರಗಿದ್ದ ಆಮ್ಲಜನಕವು ಎಷ್ಟು ಖರ್ಚಾಯಿತೆಂದು ನೋಡುವರು. ಕಲ್ಮಷವು ಹೆಚ್ಚಿದಷ್ಟೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವು ಹೆಚ್ಚು ಬೇಕು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಈ ಬೇಡಿಕೆಯು ಲೀಟರಿಗೆ 3 ಮಿಲಿಗ್ರಾಮನ್ನು ಮೀರಕೂಡದು. ಶುದ್ಧಿ ಮಾಡದ ಚರಂಡಿಯ ನೀರಿನಲ್ಲಿ 200 ನ್ನು ಮೀರುವುದು ಸಾಮಾನ್ಯ. ನಿರ್ಮಲವಾದ ನೀರಿನಲ್ಲಿಯೇ ಕರಗಿರುವ ಆಮ್ಲಜನಕವು ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. ಎಂಟು ರೂಪಾಯಿ ಆದಾಯದ ಸಂಸಾರಕ್ಕೆ ಇನ್ನೂರು ರೂಪಾಯಿ ಸಾಲ ಬಿದ್ದರೆ ಹೇಗೋ ಹಾಗೆ ಕೆರೆಯು ಉಸಿರು ಕಟ್ಟುವುದು. ಅನಂತರ ಗಾಳಿಯ ಹಂಗಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಕೆಲಸ ಹಿಡಿದು ಮೀಥೇನ್ ಎಂಬ ಉರಿಯುವ ಅನಿಲವನ್ನೂ, ಕೊಳೆತ ಮೊಟ್ಟೆಯಂತೆ ನಾರುವ ಜಲಜನಕದ ಸಲ್ಫೈಡನ್ನೂ ಹುಟ್ಟಿಸುತ್ತವೆ. ಬೆಳ್ಳಿಯ ಪಾತ್ರೆಯನ್ನು ಕಪ್ಪಾಗಿಸುವುದು ಈ ಎರಡನೆಯದೇ. ಕೆರೆಯ ಬೆಂಕಿಗೆ ಮೀಥೇನೇ ಮೂಲವೆಂದು ಕೆಲವರೂ, ದಡದ ಕಸಕ್ಕೂ ಒಣಗಿದ ಜೊಂಡಿಗೂ ಹತ್ತಿದ ಕಿಚ್ಚೆಂದು ಕೆಲವರೂ ವಾದಿಸಿದರು. ಎರಡಕ್ಕೂ ಅಲ್ಲಿ ಸೌದೆಯು ಸಿದ್ಧವಾಗಿಯೇ ಇದ್ದಿತು.

ನೊರೆಯ ಸಂಗತಿಯು ಗೃಹಸ್ಥರಿಗೆ ಇನ್ನೂ ಹತ್ತಿರದ್ದು. ಬಟ್ಟೆಯೊಗೆಯುವ ಪುಡಿಯ ಅಣುವಿನ ಒಂದು ತುದಿಗೆ ನೀರು ಪ್ರಿಯ, ಇನ್ನೊಂದಕ್ಕೆ ಜಿಡ್ಡು ಪ್ರಿಯ. ಕೊಳೆಯು ಬಿಡುವುದೂ ನೊರೆಯೇಳುವುದೂ ಈ ಇಬ್ಬಗೆಯ ಸ್ವಭಾವದಿಂದಲೇ. ಕೋಡಿಯ ಮೇಲಿಂದ ನೀರು ಧುಮುಕುವಾಗ ಕಡೆಗೋಲಿನಿಂದ ಕಡೆದಂತಾಗಿ ನೊರೆಯು ಗುಡ್ಡೆಗುಡ್ಡೆಯಾಗಿ ರಸ್ತೆಗೆ ಬಂದು ಬಿದ್ದಿತು. ಸೀಗೆಯೂ ಅಂಟುವಾಳವೂ ನೊರೆ ಕೊಡತಕ್ಕವೇ ಅಲ್ಲವೆ ಎಂದು ಮನೆಯ ಹಿರಿಯರು ಕೇಳಬಹುದು. ಕೊಡುವುವು; ಆದರೆ ಗಡಸು ನೀರನ್ನು ಮೆದುಮಾಡುವುದಕ್ಕೆಂದು ಕೆಲವು ಪುಡಿಗಳಲ್ಲಿ ಬೆರೆಸುವ ರಂಜಕದ ಲವಣಗಳು ಅವುಗಳಲ್ಲಿಲ್ಲ. ಮಲಮೂತ್ರಗಳಲ್ಲಿಯೂ ರಂಜಕವುಂಟಾದುದರಿಂದ ದೋಷವನ್ನೆಲ್ಲ ಪುಡಿಯ ತಲೆಗೇ ಕಟ್ಟುವುದು ನ್ಯಾಯವಲ್ಲ.

ರಂಜಕವೆಂದರೆ ಗೊಬ್ಬರವಷ್ಟೆ. ಇಲ್ಲಿಂದ ಮುಂದಿನ ಕಥೆಯು ಜೀವಿಪರಿಸ್ಥಿತಿಶಾಸ್ತ್ರಕ್ಕೆ ಸೇರಿದ್ದು. ಜರ್ಮನಿಯ ಹೆಕೆಲ್ ಎಂಬ ಪಂಡಿತನು 1866 ರಲ್ಲಿ ಈ ಶಾಸ್ತ್ರಕ್ಕೆ ಹೆಸರಿಡುವಾಗ, ಮನೆಯೆಂಬ ಅರ್ಥದ ಗ್ರೀಕ್ ಶಬ್ದವನ್ನು ಆರಿಸಿಕೊಂಡನು. ಯಾವ ಜೀವಿಯು ಯಾವ ಮನೆಯಲ್ಲಿ, ಯಾರೊಡನೆ, ಏನು ತಿಂದು ಬಾಳುವುದೆಂಬುದೇ ಇದರ ವಿಚಾರ. ಅಂತರಗಂಗೆಯೆಂದು ಜನರು ಕರೆಯುವ, ನೀಲಿಯ ಹೂ ಬಿಡುವ ತೇಲುಗಿಡವು ದಕ್ಷಿಣ ಅಮೆರಿಕದಿಂದ ಬಂದ ಅತಿಥಿ. ಚರಂಡಿಯ ಗೊಬ್ಬರವನ್ನುಂಡು ಅದು ಕೆರೆಯನ್ನು ಚಾಪೆಯಂತೆ ಹೊದೆಯಿತು, ಕೆಳಗೆ ಬೆಳಕಿಲ್ಲ, ಗಾಳಿಯಿಲ್ಲ, ಮೀನಿಗೆ ಉಳಿಗಾಲವಿಲ್ಲ. ಸತ್ತ ಗಿಡವು ಮುಳುಗಿ ಕೊಳೆತು ಹೂಳಾಗುವುದು. ಗಿಡವನ್ನು ಕಿತ್ತುಹಾಕಿದರೆ ಸಾಲದೆ ಎನ್ನುವವರುಂಟು. ಉಣಿಸುವುದನ್ನು ನಿಲ್ಲಿಸದೆ ಕೀಳುತ್ತ ಕುಳಿತರೆ ಕೀಳುವವನಿಗೆ ಕೂಲಿ ದೊರೆಯುವುದು, ಅಷ್ಟೇ.

ವಾಯುಮಂಡಲಶಾಸ್ತ್ರದ ಪಾಲು ಈ ಪ್ರಸಂಗದಲ್ಲಿ ಸ್ವಲ್ಪವೇ. ಮಾಗಿಯ ಮುಂಜಾನೆ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತಿರುವುದರಿಂದ ಹೊಗೆಯು ಮೇಲೇಳದೆ ಮನೆಗಳೊಳಕ್ಕೆ ನುಗ್ಗುತ್ತದೆ.

ಐದನೆಯ ಶಾಖೆಯನ್ನು ವಿಜ್ಞಾನಿಗಳು ಕಡೆಯ ಪಂಕ್ತಿಯಲ್ಲಿ ಕೂಡಿಸುತ್ತಾರೆ. ನಮಗೆ ಅದು ಮೊದಲ ಮಣೆಗೆ ಅರ್ಹವಾದುದೆಂದು ತೋರುತ್ತದೆ. ಜಲಮಾಲಿನ್ಯವನ್ನು ತಡೆಯುವ ಶಾಸನವು 1974 ರಲ್ಲಿಯೇ ಆಯಿತು. ಕಾವೇರಿಯು ನಗರಕ್ಕೆ ಬಂದುದೂ ಅದೇ ವರ್ಷ. ನೀರು ಏರಿ ಬಂದಿತು, ಶಾಸನವು ಕಡತದಲ್ಲಿ ಕುಳಿತಿತು. 2018 ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಕೆರೆಗಳ ದುರವಸ್ಥೆಗಾಗಿ ರಾಜ್ಯ ಸರಕಾರಕ್ಕೆ 50 ಕೋಟಿ, ನಗರಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಕೆರೆಗಳ ಕೆಲಸಕ್ಕೆಂದು 500 ಕೋಟಿಯನ್ನು ಬೇರೆಯಾಗಿ ತೆಗೆದಿಡುವಂತೆ ಆಜ್ಞಾಪಿಸಿತು. ಆ ದಂಡವನ್ನು ತೆತ್ತವರಾರೆಂದರೆ ತೆರಿಗೆ ಕೊಡುವ ನಾವೇ.

ಇದೇ ಕಣಿವೆಯ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರ ಸೀಮೆಯ ಕೆರೆಗಳಿಗೆ ಹರಿಸುವ ಯೋಜನೆಯು 2018 ರಲ್ಲಿ ಪ್ರಾರಂಭವಾಯಿತು. ಅದು ಜೀವನದಿಯಿಲ್ಲದ ಸೀಮೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವುವು. ಆಳದ ಬಂಡೆಯಿಂದ ಬರುವ ಫ್ಲೋರೈಡು ಮಕ್ಕಳ ಹಲ್ಲನ್ನು ಕಲೆಗಟ್ಟಿಸುತ್ತದೆ. ಕೆರೆಗಳಲ್ಲಿ ನೀರು ನಿಂತು ಅಂತರ್ಜಲವು ಏರಲೆಂಬುದು ಯೋಜನೆಯ ಉದ್ದೇಶ. ಆದರೆ ಆ ವರ್ಷದ ಜುಲೈ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯು ಕಾಣಿಸಿಕೊಂಡು, ಉಚ್ಚ ನ್ಯಾಯಾಲಯವು ಕೆಲಕಾಲ ನೀರನ್ನು ತಡೆಯಿಸಿತು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಆ ಸೀಮೆಯ ಹೋರಾಟಗಾರರು ಕೇಳಿದರು. ಅದು ಯುಕ್ತವಾದ ಬೇಡಿಕೆಯೆಂದೇ ನಮ್ಮ ಮತ. ಏಕೆಂದರೆ ಎರಡು ಹಂತಗಳಲ್ಲಿ ರಂಜಕವು ಪೂರ್ತಿಯಾಗಿ ಹೋಗದು. ಕೆರೆಯಿಂದ ಇಂಗಿದ ನೀರೇ ಅಲ್ಲಿನವರ ಬಾವಿಯ ನೀರು.